ಟ್ಯಾಂಗ್ರಾದ ತೊಗಲು, ಟಿರೆಟ್ಟಾದ ತಿಂಡಿ: ಕಲ್ಕತ್ತದ ಚೀನೀ ಕಸುಬುಗಳ ಒಂದು ಸಮೀಕ್ಷೆ

ಕಲ್ಕತ್ತದ ಚೀನೀಯರ ಬಗ್ಗೆ ಬರುವ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಧಾಟಿಗಳಿರುತ್ತವೆ. ಒಂದು ಹೊಗಳಿಕೆಯದು: ಚೀನೀಯರು ಹುಟ್ಟಾ ವ್ಯಾಪಾರಸ್ಥರು, ಎಲ್ಲಿ ಬಿಟ್ಟರೂ ದುಡಿದು ಬದುಕಿಕೊಳ್ಳುವವರು. ಇನ್ನೊಂದು ಹಳಹಳಿಕೆಯದು: ಅಯ್ಯೋ, ಅವರ ಓಣಿಗಳು ಖಾಲಿಯಾದವು, ದೇವಸ್ಥಾನಗಳಿಗೆ ದೀಪ ಹಚ್ಚುವವರಿಲ್ಲ, ಎಂಥ ಸಂಸ್ಕೃತಿ ಕಣ್ಮರೆಯಾಗುತ್ತಿದೆ. ಎರಡರಲ್ಲೂ ಒಂದೇ ಕೊರತೆ. ಇಡೀ ಕಥೆಯನ್ನು ಚೀನೀಯರ ಗುಣಕ್ಕೆ ಕಟ್ಟಿಹಾಕಿ, ಆ ಗುಣಕ್ಕೆ ಎಡೆಕೊಟ್ಟ ಅಥವಾ ಎಡೆಕೊಡದ ಊರನ್ನು ಅವು ಮರೆತುಬಿಡುತ್ತವೆ.

ಎರಡು ಶತಮಾನಕ್ಕೂ ಮಿಕ್ಕ ಈ ಚರಿತ್ರೆಯಲ್ಲಿ ಚೀನೀಯರು ಹಿಡಿದ ಕಸುಬುಗಳ ಪಟ್ಟಿ ಉದ್ದವಾಗಿದೆ. ಸಕ್ಕರೆ, ಹಡಗುಕಟ್ಟೆಯ ಮರಗೆಲಸ, ಹಲ್ಲು ಕಟ್ಟುವುದು, ಬಟ್ಟೆ ಒಗೆಯುವುದು, ಜೋಡು ಹೊಲಿಯುವುದು, ಚರ್ಮ ಹದ ಮಾಡುವುದು, ಕೂದಲು ಕತ್ತರಿಸುವುದು, ಸಾಸ್ ತಯಾರಿಕೆ, ಹೋಟೆಲು. ಇವುಗಳಲ್ಲಿ ಹೆಚ್ಚಿನವನ್ನು ಅವರು ಚೀನಾದಿಂದ ಗಂಟು ಕಟ್ಟಿಕೊಂಡು ಬಂದಿರಲಿಲ್ಲ. ಕಲ್ಕತ್ತದಲ್ಲಿ ಯಾವ ಕೆಲಸಕ್ಕೆ ಗಿರಾಕಿಯಿದ್ದು ಮಾಡುವವರಿರಲಿಲ್ಲವೋ, ಯಾವುದನ್ನು ಮುಟ್ಟಲು ಊರಿನ ಹಣವಂತರು ಹಿಂಜರಿದರೋ, ಅಲ್ಲಿ ಅವರು ನೆಲೆ ಕಂಡರು. ಊರು ಆ ಜಾಗ ಕೊಟ್ಟಷ್ಟು ಕಾಲ ಕಸುಬು ನಡೆಯಿತು. ಕಾನೂನು, ಯುದ್ಧ, ಕೋರ್ಟು ಅಥವಾ ಮಾರುಕಟ್ಟೆ ಅದನ್ನು ಮುಚ್ಚಿದಾಗ ಅವರು ಮುಂದಿನ ಕಸುಬಿಗೋ ಮುಂದಿನ ದೇಶಕ್ಕೋ ನಡೆದರು. ಈ ಮಾತನ್ನು ಕಸುಬು ಕಸುಬಾಗಿ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಸಕ್ಕರೆಯಿಂದ ಹಡಗುಕಟ್ಟೆಗೆ

ಮೊದಲ ಹೆಸರು ಟಾಂಗ್ ಅಚ್ಯೂ ಎಂಬಾತನದು. 18ನೇ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದಾಗ, ಹೂಗ್ಲಿ ದಂಡೆಯ ಬಜ್ ಬಜ್ ಬಳಿ ಈತನಿಗೆ ಕಂಪನಿ ಸರ್ಕಾರ ಜಮೀನು ಕೊಟ್ಟಿತು. ಸುಮಾರು 650 ಬಿಘಾ, ವರ್ಷಕ್ಕೆ 45 ರೂಪಾಯಿ ಕಂದಾಯ. ಚೀನಾದಿಂದ ಕೂಲಿಗಳನ್ನು ಕರೆತಂದು ಆತ ಕಬ್ಬು ಬೆಳೆಸಿ ಸಕ್ಕರೆ ಗಿರಣಿ ಹಾಕಿದ. ಇದು ಬಹಳ ಕಾಲ ನಡೆಯಲಿಲ್ಲ. ಕಲ್ಕತ್ತಕ್ಕೆ ಬಂದು ಸೇರಿದ್ದ ಬೇರೆ ಚೀನೀಯರು ತನ್ನ ಆಳುಗಳನ್ನು ಪುಸಲಾಯಿಸಿ ಕರೆದೊಯ್ಯುತ್ತಿದ್ದಾರೆ ಎಂದು ಆತ ಕಂಪನಿಗೆ ದೂರು ಕೊಟ್ಟ. ಹಾಗೆ ಮಾಡುವವರಿಗೆ ಎಚ್ಚರಿಕೆ ಕೊಟ್ಟು 1781ರಲ್ಲಿ ಕಂಪನಿ ಒಂದು ಪ್ರಕಟಣೆಯನ್ನೂ ಹೊರಡಿಸಿತು. 1783ರ ಹೊತ್ತಿಗೆ ಅಚ್ಯೂ ತೀರಿಹೋಗಿದ್ದ. ಅವನ ಹೆಸರಿನಿಂದಲೇ ಆ ಊರು ಅಚಿಪುರವಾಯಿತು. ಇಂದಿಗೂ ಚೀನೀ ಹೊಸವರ್ಷದ ಸಮಯದಲ್ಲಿ ಕೋಲ್ಕತ್ತದ ಚೀನೀ ಕುಟುಂಬಗಳು ಅಲ್ಲಿಗೆ ಹೋಗಿ, ಕುದುರೆ ಲಾಳದ ಆಕಾರದ ಕೆಂಪು ಸಮಾಧಿಗೆ ಧೂಪ ಹಚ್ಚಿ ಬರುತ್ತವೆ.

ಈ ಪುಟ್ಟ ಪ್ರಸಂಗದಲ್ಲಿ ಮುಂದಿನದ್ದರ ಸೂಚನೆಯಿದೆ. ಸರ್ಕಾರ ಕರೆದು ಕೊಟ್ಟ ಜಮೀನಿನ ವ್ಯವಸಾಯ ಉಳಿಯಲಿಲ್ಲ. ಕೂಲಿಗಳು ತಾವಾಗಿ ಓಡಿಹೋಗಿ ಸೇರಿಕೊಂಡ ನಗರದ ಬದುಕು ಉಳಿಯಿತು. ಹಡಗು ಬಿಟ್ಟ ನಾವಿಕರು, ಗಿರಣಿ ಬಿಟ್ಟ ಆಳುಗಳು ಲಾಲ್ ಬಜಾರ್, ಬೌಬಜಾರ್ ಸುತ್ತ ನೆಲೆಸಿದರು. ಆ ಭಾಗದ ಟಿರೆಟ್ಟಾ ಬಜಾರ್ ಎಂಬ ಹೆಸರು ಎಡ್ವರ್ಡ್ ಟಿರೆಟ್ಟಾ ಎಂಬ ವೆನಿಸ್ ಮೂಲದವನಿಂದ ಬಂದದ್ದು. ಕಂಪನಿ ಕಾಲದಲ್ಲಿ ಆತ ರಸ್ತೆ, ಕಟ್ಟಡಗಳ ಮೇಲ್ವಿಚಾರಕನಾಗಿದ್ದ. ಹೀಗೆ ಕಲ್ಕತ್ತದ ಮೊದಲ ಚೀನೀ ಪೇಟೆಗೆ ಒಬ್ಬ ಇಟಾಲಿಯನ್ನನ ಹೆಸರಿದೆ.

ಊರಿಗೊಂದು ಕಸುಬು

ಹೊರಗಿನವರ ಕಣ್ಣಿಗೆ ಎಲ್ಲರೂ 'ಚೀನಾದವರು'. ಒಳಗೆ ಅವರು ಬೇರೆ ಬೇರೆ ನಾಡಿನವರು, ಬೇರೆ ಬೇರೆ ಮಾತಾಡುವವರು, ಕಸುಬಿನಲ್ಲೂ ಬೇರೆಯಾದವರು. ಕ್ಯಾಂಟನೀಸ್ ಮಾತಿನವರು ಬಡಗಿಗಳು. ಹಡಗು ದುರಸ್ತಿ, ರೈಲ್ವೆ, ಪೀಠೋಪಕರಣದ ಕೆಲಸಕ್ಕೆ ಹೆಸರಾದವರು. ಹುಬೇ ಪ್ರಾಂತ್ಯದವರು ಹಲ್ಲಿನ ಕೆಲಸಕ್ಕೆ. ಹಕ್ಕಾ ಜನ ಜೋಡು ಮತ್ತು ಚರ್ಮಕ್ಕೆ. ಪ್ರತಿ ಗುಂಪಿಗೂ ತನ್ನದೇ ಸಂಘ, ತನ್ನದೇ ಮಂದಿರ. ಅವುಗಳನ್ನು ಊರಿನವರು ಇಂದಿಗೂ 'ಚರ್ಚ್' ಎಂದೇ ಕರೆಯುತ್ತಾರೆ. ಟೂಂಗ್ ಆನ್ ಚರ್ಚ್, ಸೀ ಇಪ್ ಚರ್ಚ್, ನಾಮ್ ಸೂನ್ ಚರ್ಚ್. ಹೊಸಬ ಊರಿಗೆ ಬಂದಾಗ ಮಲಗಲು ಜಾಗ, ಕೆಲಸಕ್ಕೆ ಸೇರಿಸುವ ಪರಿಚಯ, ಸತ್ತರೆ ಮಣ್ಣು ಮಾಡುವ ವ್ಯವಸ್ಥೆ, ಎಲ್ಲವೂ ಇಲ್ಲಿಂದಲೇ ಆಗುತ್ತಿತ್ತು. ಒಬ್ಬ ಬಡಗಿ ತನ್ನೂರಿನ ಇನ್ನೊಬ್ಬನನ್ನೇ ಕರೆಸಿಕೊಳ್ಳುತ್ತಿದ್ದುದರಿಂದ ಕಸುಬು ಆ ಊರಿನವರ ಕೈಯಲ್ಲೇ ಉಳಿಯುತ್ತಿತ್ತು. ಗುಂಪಿನ ಹುಟ್ಟುಗುಣಕ್ಕಿಂತ ಈ ಪರಿಚಯದ ಸರಪಳಿಯೇ ಕಸುಬನ್ನು ಹಂಚಿತು ಎನ್ನುವುದು ಹೆಚ್ಚು ಸರಿ.

ದಂತವೈದ್ಯರ ವಿಷಯ ನೋಡಿ. ಪದವಿ ಪಡೆದ ದಂತವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹುಬೇ ಮೂಲದವರು ತಂದೆಯಿಂದ ಮಗನಿಗೆ ಕಲಿಸಿದ ಕೈಚಳಕದಿಂದ ಹಲ್ಲು ಕಿತ್ತು, ಕಟ್ಟಿ, ಹೆಸರು ಮಾಡಿದರು. 1948ರ ದಂತವೈದ್ಯ ಕಾಯಿದೆ ಬಂದಾಗ ಪದವಿಯಿಲ್ಲದೆಯೂ ಆಗಲೇ ವೃತ್ತಿಯಲ್ಲಿದ್ದವರಿಗೆ ನೋಂದಣಿಯ 'ಬಿ' ಭಾಗದಲ್ಲಿ ಜಾಗ ಸಿಕ್ಕಿತು. ಆದರೆ ಅದು ಒಂದು ತಲೆಮಾರಿಗೆ ಮಾತ್ರ ಇದ್ದ ರಿಯಾಯಿತಿ. ಅವರ ಮಕ್ಕಳು ಹಲ್ಲು ಮುಟ್ಟಬೇಕಾದರೆ ಕಾಲೇಜಿಗೆ ಹೋಗಿ ಬರಬೇಕಾಯಿತು. ಹೋದವರಲ್ಲಿ ಕೆಲವರು ವೃತ್ತಿ ಮುಂದುವರಿಸಿದರು, ಮಿಕ್ಕವರು ಬೇರೆ ದಾರಿ ಹಿಡಿದರು. ಕಸುಬಿನ ಬಾಗಿಲು ಕಾನೂನಿನಿಂದ ಮುಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಇದರಲ್ಲಿ ಅನ್ಯಾಯವೇನೂ ಇಲ್ಲ. ರೋಗಿಗಳ ದೃಷ್ಟಿಯಿಂದ ಕಾಯಿದೆ ಬೇಕೇ ಇತ್ತು.

ಜೋಡಿನ ಕಥೆ ಬೇರೆ. ಬೆಂಟಿಂಕ್ ಸ್ಟ್ರೀಟಿನಲ್ಲಿ ಸಾಲಾಗಿದ್ದ ಹಕ್ಕಾ ಅಂಗಡಿಗಳಲ್ಲಿ ಕಾಲಿನ ಅಳತೆ ಕೊಟ್ಟು ಬೂಟು ಹೊಲಿಸಿಕೊಳ್ಳುವುದು ಕಲ್ಕತ್ತದ ಬಾಬುಗಳಿಗೆ ಒಂದು ಪದ್ಧತಿಯೇ ಆಗಿತ್ತು. 1930ರ ದಶಕದಲ್ಲಿ ಹೂಗ್ಲಿ ದಂಡೆಯಲ್ಲಿ ಬಾಟಾ ಕಂಪನಿ ಬಾಟಾನಗರವನ್ನೇ ಕಟ್ಟಿ ಯಂತ್ರದ ಜೋಡು ಹೊರತರತೊಡಗಿತು. ಆ ಬಾಟಾನಗರ ಇರುವುದು ಬಜ್ ಬಜ್ ಕಡೆ ಹೋಗುವ ದಾರಿಯಲ್ಲೇ, ಅಚ್ಯೂನ ಸಮಾಧಿಯಿಂದ ಅಷ್ಟೇನೂ ದೂರದಲ್ಲಲ್ಲ. ಚೀನೀ ಅಂಗಡಿಗಳು ಕೂಡಲೇ ಮುಚ್ಚಲಿಲ್ಲ. ಕೈಹೊಲಿಗೆಯ ಗಟ್ಟಿತನಕ್ಕೆ ಗಿರಾಕಿಗಳಿದ್ದರು. ಆದರೆ ಆಳು ಮಕ್ಕಳು ಸಿಗದ ಕಾಲ ಬಂದಾಗ, ಸಿದ್ಧ ಜೋಡಿನ ಬೆಲೆಗೆ ಪೈಪೋಟಿ ಕೊಡಲಾಗದೆ ಹಲವು ಅಂಗಡಿಗಳು ಕೈ ಬದಲಾದವು.

ತೊಗಲಿನ ಲೆಕ್ಕ

ಎಲ್ಲಕ್ಕಿಂತ ದೊಡ್ಡ ಕಸುಬು ಚರ್ಮದ್ದು. ಗ್ವಾಂಗ್‌ಡಾಂಗ್ ಪ್ರಾಂತ್ಯದ ಮೆಯ್‌ಶಿಯನ್ ಭಾಗದಿಂದ ಬಂದ ಹಕ್ಕಾ ಕುಟುಂಬಗಳು 1910ರ ಸುಮಾರಿಗೆ ನಗರದ ಪೂರ್ವದ ಅಂಚಿಗೆ, ಟ್ಯಾಂಗ್ರಾ ಎಂಬ ಜೌಗು ಪ್ರದೇಶಕ್ಕೆ ಹೋಗಿ ಟ್ಯಾನರಿ ಹಾಕತೊಡಗಿದವು. ಪಕ್ಕದಲ್ಲೇ ಧಾಪಾ, ಊರಿನ ಕಸ ಸುರಿಯುವ ಜಾಗ. ಹತ್ತಿರದಲ್ಲೇ ಕಸಾಯಿಖಾನೆ. ನೀರು ಹರಿದುಹೋಗಲು ಕಾಲುವೆ. ನೆಲ ಅಗ್ಗ. ಬೇರೆ ಯಾರೂ ಬಾರದ ಜಾಗ. ಬೆಂಗಳೂರಿನ ಟ್ಯಾನರಿ ರಸ್ತೆಯ ಹೆಸರು ಕೇಳಿದವರಿಗೆ ಈ ಲೆಕ್ಕ ಹೊಸದೇನಲ್ಲ. ತೊಗಲಿನ ಕೆಲಸ ಎಲ್ಲ ಊರುಗಳಲ್ಲೂ ಅಂಚಿಗೇ ಹೋಗುತ್ತದೆ.

ಹಸಿ ತೊಗಲು ಉಪ್ಪು ಸವರಿಕೊಂಡು ಬರುತ್ತದೆ. ಮೊದಲು ಅದನ್ನು ನೀರಿನಲ್ಲಿ ನೆನೆಹಾಕಿ ಉಪ್ಪು, ರಕ್ತ, ಕೊಳೆ ತೆಗೆಯಬೇಕು. ಆಮೇಲೆ ಸುಣ್ಣದ ಹೊಂಡ. ಸುಣ್ಣದಲ್ಲಿ ಊದಿಕೊಂಡ ತೊಗಲಿನ ಕೂದಲು ಸಡಿಲವಾಗುತ್ತದೆ. ಅದನ್ನು ಹೆರೆದು, ಒಳಮೈಯ ಮಾಂಸದ ಪದರವನ್ನು ಬಾಗಿದ ಕತ್ತಿಯಿಂದ ಕೆತ್ತಿ ತೆಗೆಯುತ್ತಾರೆ. ಸುಣ್ಣ ತೊಳೆದು, ಆಮ್ಲದಲ್ಲಿ ಹಾಕಿ, ಕೊನೆಗೆ ಕ್ರೋಮ್ ದ್ರಾವಣವಿರುವ ಮರದ ದೊಡ್ಡ ಪೀಪಾಯಿಗಳಲ್ಲಿ ತಿರುಗಿಸುತ್ತಾರೆ. ಹೊರಬರುವಾಗ ತೊಗಲಿಗೆ ನಸುನೀಲಿ ಬಣ್ಣ. ಮರದ ತೊಗಟೆಯಲ್ಲಿ ಹದ ಮಾಡಿದರೆ ವಾರಗಟ್ಟಲೆ ಹಿಡಿಯುವ ಕೆಲಸ ಕ್ರೋಮ್‌ನಿಂದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಳಿಕ ಚೌಕಟ್ಟಿಗೆ ಬಿಗಿದು ಬಿಸಿಲಿಗೆ ಒಣಗಿಸಿ, ಬಣ್ಣ ಹಾಕಿ, ಮೆರುಗು ಕೊಡುವುದು. ಇದಿಷ್ಟೂ ನಡೆಯುತ್ತಿದ್ದುದು ಮನೆಯ ಕೆಳಗಿನ ಅಂತಸ್ತಿನಲ್ಲಿ. ಮಾಲೀಕನ ಸಂಸಾರ ಮೇಲೆ. ಚಾವಡಿ, ಅಡುಗೆಮನೆ, ಪೂರ್ವಜರ ಫೋಟೊ, ಮಜಾಂಗ್ ಆಡುವ ಮೇಜು, ಎಲ್ಲಕ್ಕೂ ಕೆಳಗಿನ ಸುಣ್ಣದ ವಾಸನೆ.

ಇಷ್ಟು ಲಾಭದ ಉದ್ಯಮಕ್ಕೆ ಕಲ್ಕತ್ತದ ಹಣವಂತ ಬಂಗಾಳಿ, ಮಾರ್ವಾಡಿ ಮನೆತನಗಳು ಏಕೆ ಮುನ್ನುಗ್ಗಲಿಲ್ಲ? ಉತ್ತರ ಜಾತಿಯಲ್ಲಿದೆ. ಸತ್ತ ದನದ ತೊಗಲು ಮುಟ್ಟುವುದು ಸವರ್ಣರಿಗೆ ಮೈಲಿಗೆ. ಮುಟ್ಟುತ್ತಿದ್ದ ದಲಿತರ ಬಳಿ ಬಂಡವಾಳವಿರಲಿಲ್ಲ. ಬಂಡವಾಳ ಹೂಡಬಲ್ಲ, ಮೈಲಿಗೆಯ ಹಂಗಿಲ್ಲದ ಮೂರನೆಯವರಿಗೆ ಅಲ್ಲೊಂದು ಎಡೆಯಿತ್ತು. ಅಮೆರಿಕದ ಮಾನವಶಾಸ್ತ್ರಜ್ಞೆ ಎಲೆನ್ ಆಕ್ಸ್‌ಫೆಲ್ಡ್ ಟ್ಯಾಂಗ್ರಾದ ಹಕ್ಕಾ ಕುಟುಂಬಗಳ ನಡುವೆ ಇದ್ದು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ 'ಬ್ಲಡ್, ಸ್ವೆಟ್ ಅಂಡ್ ಮಜಾಂಗ್' ಈ ವಿಷಯದಲ್ಲಿ ಇಂದಿಗೂ ಮುಖ್ಯ ಕೃತಿ. ಹೊರಗಿನವರೆಂಬ ಸ್ಥಾನವೇ ಈ ಜನರಿಗೆ ವ್ಯಾಪಾರದ ಅವಕಾಶ ಕೊಟ್ಟಿತು, ಅದೇ ಸ್ಥಾನ ಅವರನ್ನು ದೂರವೂ ಇಟ್ಟಿತು ಎಂಬುದನ್ನು ಅದು ಕುಟುಂಬಗಳ ಒಳಗಿನಿಂದ ತೋರಿಸುತ್ತದೆ.

ಸಮಾಜಶಾಸ್ತ್ರದಲ್ಲಿ ಇದಕ್ಕೆ ಇನ್ನೊಂದು ಸಿದ್ಧಾಂತವೂ ಇದೆ. 1973ರಲ್ಲಿ ಎಡ್ನಾ ಬೊನಾಸಿಕ್ ಮಂಡಿಸಿದ 'ಮಧ್ಯವರ್ತಿ ಅಲ್ಪಸಂಖ್ಯಾತರ' ಸಿದ್ಧಾಂತದ ಪ್ರಕಾರ, ಎಂದಾದರೂ ಊರಿಗೆ ಮರಳುವೆವೆಂದು ನಂಬಿದ ವಲಸಿಗರು ಬೇಗ ನಗದಾಗುವ, ಹೊತ್ತೊಯ್ಯಬಹುದಾದ ವ್ಯಾಪಾರಗಳನ್ನು ಆರಿಸಿಕೊಳ್ಳುತ್ತಾರೆ. ಟ್ಯಾಂಗ್ರಾ ಈ ಸೂತ್ರಕ್ಕೆ ಪೂರ್ತಿ ಒಗ್ಗುವುದಿಲ್ಲ. ಹೊಂಡ, ಪೀಪಾಯಿ, ಕಟ್ಟಡಗಳನ್ನು ಹೊತ್ತೊಯ್ಯಲು ಬರುವುದಿಲ್ಲ. ಇವರು ಸರಕು ಕೈಬದಲಿಸುವ ದಲ್ಲಾಳಿಗಳಾಗಿರಲಿಲ್ಲ, ಸರಕು ತಯಾರಿಸುವವರಾಗಿದ್ದರು. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಮೇಲಂತೂ ಹಿಂದಿರುಗುವ ಮಾತು ಹೆಚ್ಚಿನವರ ಪಾಲಿಗೆ ಮುಗಿದಂತೆಯೇ ಆಯಿತು.

ಬಂಡವಾಳ ಎಲ್ಲಿಂದ, ದುಡಿಮೆ ಯಾರದು

ಬ್ಯಾಂಕಿನ ಸಾಲ ಸಿಗದವರು ಟ್ಯಾನರಿ ಹಾಕಿದ್ದು ಹೇಗೆ? ನಮ್ಮ ಚೀಟಿ ವ್ಯವಹಾರದಂಥದ್ದೇ ಒಂದು ಪದ್ಧತಿಯಿಂದ. ಪರಿಚಯದ ಹತ್ತಿಪ್ಪತ್ತು ಜನ ತಿಂಗಳು ತಿಂಗಳು ಹಣ ಹಾಕುವುದು, ಪ್ರತಿ ತಿಂಗಳೂ ಒಬ್ಬರು ಇಡೀ ಮೊತ್ತ ಎತ್ತಿಕೊಳ್ಳುವುದು, ಬೇಗ ಬೇಕಾದವರು ಹೆಚ್ಚು ಬಿಟ್ಟುಕೊಟ್ಟು ಕೂಗುವುದು. ಚೀಟಿ ಎತ್ತಿ ಓಡಿಹೋದವನಿಗೆ ಆ ಓಣಿಯಲ್ಲಿ ಮತ್ತೆ ಮುಖವಿಲ್ಲ. ಹೆಣ್ಣು ಕೊಡುವವರೂ ಇಲ್ಲ. ಟ್ಯಾಂಗ್ರಾದಂಥ ಒಂದೇ ಮಾತಿನ, ಒಂದೇ ಕಸುಬಿನ, ಎಲ್ಲರೂ ಎಲ್ಲರಿಗೂ ನೆಂಟರಾದ ಜಾಗದಲ್ಲಿ ಈ ಭಯವೇ ಜಾಮೀನು.

ಹಣದ ಜೊತೆ ಮನೆಮಂದಿಯ ದುಡಿಮೆ. ಗಂಡ ಹಸಿ ತೊಗಲಿನ ಖರೀದಿಗೆ ಹೋದರೆ ಹೆಂಡತಿ ಕೆಲಸಗಾರರನ್ನು ನೋಡಿಕೊಳ್ಳುವುದು, ಲೆಕ್ಕ ಬರೆಯುವುದು, ಒಣಗಿದ ಚರ್ಮ ಎಣಿಸುವುದು. ಮುಂದೆ ನಗರದ ನಡುಭಾಗದಲ್ಲಿ ಹಕ್ಕಾ ಹೆಂಗಸರು ನಡೆಸಿದ ಹೇರ್ ಸಲೂನು, ಬ್ಯೂಟಿ ಪಾರ್ಲರುಗಳಿಗೂ ಇದೇ ತಳಹದಿ. ಪರ ಗಂಡಸಿನ ಕೈಯಲ್ಲಿ ಕೂದಲು ಕತ್ತರಿಸಿಕೊಳ್ಳಲು ಮಧ್ಯಮವರ್ಗದ ಹೆಂಗಸರು ಒಪ್ಪದ ಕಾಲದಲ್ಲಿ, ಹೆಂಗಸರೇ ನಡೆಸುವ ಪಾರ್ಲರಿಗೆ ದೊಡ್ಡ ಬೇಡಿಕೆಯಿತ್ತು. ಕಲ್ಕತ್ತದಿಂದ ಹೊರಟ ಚೀನೀ ಕುಟುಂಬಗಳು ಬೆಂಗಳೂರಿನ ದಂಡು ಪ್ರದೇಶವೂ ಸೇರಿ ಬೇರೆ ನಗರಗಳಿಗೂ ಈ ಪಾರ್ಲರು, ಹೋಟೆಲುಗಳನ್ನು ಒಯ್ದವು.

ಈ ಚಿತ್ರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಕೆಲಸಗಾರರು. ಸುಣ್ಣದ ಹೊಂಡಕ್ಕೆ ಇಳಿಯುತ್ತಿದ್ದವರು ಹೆಚ್ಚಾಗಿ ಬಿಹಾರದ ಚಮಾರ ಜಾತಿಯವರು. ಹಸಿ ತೊಗಲಿನ ವ್ಯಾಪಾರ ಮುಸ್ಲಿಮರ ಕೈಯಲ್ಲಿತ್ತು. ಅಂದರೆ ಜಾತಿ ಬಿಟ್ಟುಕೊಟ್ಟ ಜಾಗದಲ್ಲಿ ಹಕ್ಕಾ ಮಾಲೀಕ ನಿಂತಾಗ ಜಾತಿಯೇನೂ ಕರಗಲಿಲ್ಲ. ಮೈಲಿಗೆಯ ಲಾಭ ಒಬ್ಬರಿಗೆ, ಅದರ ಹುಣ್ಣು ಇನ್ನೊಬ್ಬರ ಕೈಗೆ ಎಂಬ ಹಂಚಿಕೆ ಹಾಗೆಯೇ ಉಳಿಯಿತು. 'ಶ್ರಮಜೀವಿ ಚೀನೀಯರು' ಎಂದು ಬರೆಯುವಾಗ ಈ ಇನ್ನೊಂದು ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1962: ಗಡಿಯ ಯುದ್ಧ, ಓಣಿಯ ಭಯ

1962ರ ಅಕ್ಟೋಬರಿನಲ್ಲಿ ಗಡಿಯಲ್ಲಿ ಯುದ್ಧ ಶುರುವಾದಾಗ ಎಲ್ಲವೂ ಬದಲಾಯಿತು. ವಿದೇಶಿಯರ ಕಾನೂನಿಗೆ ಆಗ ತಂದ ತಿದ್ದುಪಡಿ, ತಾವೋ ತಂದೆತಾಯಿಯೋ ಅಜ್ಜ ಅಜ್ಜಿಯೋ ಶತ್ರುದೇಶದ ಪ್ರಜೆಗಳಾಗಿದ್ದವರನ್ನೆಲ್ಲ ತನ್ನ ಹಿಡಿತಕ್ಕೆ ತಂದಿತು. ಇಲ್ಲೇ ಹುಟ್ಟಿ, ಅಸ್ಸಾಮಿ, ಬಂಗಾಳಿ, ನೇಪಾಳಿ ಮಾತಾಡುತ್ತ ಬೆಳೆದವರು ರಾತ್ರೋರಾತ್ರಿ ಶಂಕಿತರಾದರು. ಅಸ್ಸಾಂ, ಇಂದಿನ ಮೇಘಾಲಯದ ಬೆಟ್ಟಗಳು, ಉತ್ತರ ಬಂಗಾಳದಿಂದ ಸುಮಾರು 3,000 ಜನರನ್ನು ರೈಲಿನಲ್ಲಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಲಾಯಿತು. ಕೆಲವರು ಅಲ್ಲಿ ವರ್ಷಗಟ್ಟಲೆ ಇದ್ದರು. ಬಿಡುಗಡೆಯಾಗಿ ಊರಿಗೆ ಹೋದ ಹಲವರಿಗೆ ಮನೆ, ಅಂಗಡಿ ಉಳಿದಿರಲಿಲ್ಲ. ಅಸ್ಸಾಮಿನ ಮಾಕುಮ್ ಪಟ್ಟಣದ ಚೀನೀಯರ ಈ ಪಾಡನ್ನು ರೀತಾ ಚೌಧುರಿ 'ಮಾಕಾಂ' ಕಾದಂಬರಿಯಲ್ಲಿ ಬರೆದರು. ಶಿಬಿರದಲ್ಲಿದ್ದವರ ನೆನಪುಗಳನ್ನು ಜಾಯ್ ಮಾ ಮತ್ತು ದಿಲೀಪ್ ಡಿಸೋಜಾ 2020ರಲ್ಲಿ ಪುಸ್ತಕವಾಗಿ ತಂದರು.

ಕಲ್ಕತ್ತದ ಬಹುಪಾಲು ಚೀನೀಯರು ಶಿಬಿರಕ್ಕೆ ಹೋಗಲಿಲ್ಲ. ಆದರೆ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕುವುದು, ಊರು ಬಿಡಬೇಕಾದರೆ ಪರವಾನಗಿ ಪಡೆಯುವುದು ವರ್ಷಗಳವರೆಗೆ ತಪ್ಪಲಿಲ್ಲ. ನಗರದಲ್ಲಿದ್ದ ಬ್ಯಾಂಕ್ ಆಫ್ ಚೀನಾ ಶಾಖೆಯ ಬಾಗಿಲು ಮುಚ್ಚಿತು. ಹಡಗುಕಟ್ಟೆ, ರೈಲ್ವೆ ಕೆಲಸಗಳನ್ನು ನೆಚ್ಚಿಕೊಂಡಿದ್ದ ಕ್ಯಾಂಟನೀಸ್ ಬಡಗಿಗಳಿಗೆ ದೊಡ್ಡ ಪೆಟ್ಟು ಬಿತ್ತು, ಏಕೆಂದರೆ ಅವರ ಅನ್ನ ಸರ್ಕಾರಿ, ಅರೆಸರ್ಕಾರಿ ಜಾಗಗಳಲ್ಲಿತ್ತು. ಟ್ಯಾಂಗ್ರಾದ ಹಕ್ಕಾಗಳಿಗೆ ತಮ್ಮದೇ ಗೋಡೆಯೊಳಗಿನ ಟ್ಯಾನರಿಯಿದ್ದುದರಿಂದ ಅವರು ತಡೆದುಕೊಂಡರು. ಅರೆಸಿದ್ಧ ಚರ್ಮದ ರಫ್ತನ್ನು ಬಿಗಿಗೊಳಿಸಿ, ಪೂರ್ತಿ ಹದವಾದ ಚರ್ಮಕ್ಕೆ ಉತ್ತೇಜನ ಕೊಡುವ ನೀತಿಯನ್ನು ಕೇಂದ್ರ ಸರ್ಕಾರ 1973ರಲ್ಲಿ ತಂದದ್ದು ಇಡೀ ಉದ್ಯಮಕ್ಕೆ ಅನುಕೂಲವಾಯಿತು. ಒಂದೇ ದೇಶದ ಒಂದು ಕಾನೂನು ಇವರನ್ನು ಶಂಕಿತರನ್ನಾಗಿಸಿತು, ಇನ್ನೊಂದು ನೀತಿ ಇವರಂಥವರ ಸರಕಿಗೆ ಬೆಲೆ ತಂದಿತು.

ಹಣ ಬಂತು, ನೆಮ್ಮದಿ ಬರಲಿಲ್ಲ. ಪೌರತ್ವದ ಅರ್ಜಿಗಳು ವರ್ಷಗಟ್ಟಲೆ ಕಡತದಲ್ಲಿ ಕುಳಿತವು. ದುಡಿದ ಹಣವನ್ನು ಇನ್ನಷ್ಟು ದೊಡ್ಡ ಕಾರ್ಖಾನೆಗೆ ಹೂಡುವ ಬದಲು ಮಗನನ್ನು ಕೆನಡಾಕ್ಕೆ ಕಳಿಸುವುದು ಬುದ್ಧಿವಂತಿಕೆ ಎಂದು ಅನೇಕರಿಗೆ ಅನ್ನಿಸಿತು. 'ಸಮುದಾಯ ಕರಗಿತು' ಎಂದು ಈಗ ಬರೆಯುವುದರ ಬೇರು ಇಲ್ಲಿದೆ. ಒಂದು ಕಾಲಕ್ಕೆ 20,000ದಷ್ಟಿತ್ತೆಂದು ಹೇಳಲಾಗುವ ಕಲ್ಕತ್ತದ ಚೀನೀಯರ ಸಂಖ್ಯೆ ಈಗ ಕೆಲವೇ ಸಾವಿರ ಎಂಬುದು ಸಾಮಾನ್ಯ ಅಂದಾಜು.

1996: ಕೋರ್ಟಿನ ಗಡುವು

ಎರಡನೆಯ ತಿರುವು ಸುಪ್ರೀಂ ಕೋರ್ಟಿನಿಂದ ಬಂತು. ಗಂಗಾನದಿಯ ಮಾಲಿನ್ಯ ಕುರಿತು ವಕೀಲ ಎಂ.ಸಿ. ಮೆಹ್ತಾ 1980ರ ದಶಕದಲ್ಲಿ ಹೂಡಿದ ಮೊಕದ್ದಮೆ ಕಾನ್ಪುರದ ಟ್ಯಾನರಿಗಳಿಂದ ಶುರುವಾಗಿ ಕಲ್ಕತ್ತದವರೆಗೂ ಬಂದಿತು. 1996ರ ಡಿಸೆಂಬರ್ 19ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ಆದೇಶ ಕೊಟ್ಟಿತು. ಟ್ಯಾಂಗ್ರಾ, ತಿಲ್ಜಲಾ, ತೋಪ್ಸಿಯಾ, ಪಾಗ್ಲಾಡಾಂಗಾದಲ್ಲಿದ್ದ ಐನೂರಕ್ಕೂ ಹೆಚ್ಚು ಟ್ಯಾನರಿಗಳು ನಗರ ಬಿಟ್ಟು ಬಾಂತಲಾದ ಹೊಸ ಚರ್ಮ ಸಂಕೀರ್ಣಕ್ಕೆ ಹೋಗಬೇಕು, ಹೋಗದಿದ್ದರೆ 1997ರ ಸೆಪ್ಟೆಂಬರ್ 30ರ ನಂತರ ಮುಚ್ಚಬೇಕು.

ಮಾಲಿನ್ಯದ ವಿಷಯದಲ್ಲಿ ಕೋರ್ಟು ಹೇಳಿದ್ದು ಸರಿಯೇ. ಕ್ರೋಮ್, ಸುಣ್ಣ, ಸಲ್ಫೈಡ್ ಬೆರೆತ ನೀರು ತೆರೆದ ಚರಂಡಿಗಳಲ್ಲಿ ಹರಿದು, ಪೂರ್ವ ಕೋಲ್ಕತ್ತದ ಜೌಗು ಪ್ರದೇಶದ ಕಡೆ ಹೋಗುತ್ತಿತ್ತು. ಊರಿನ ಕೊಳಚೆ ನೀರಿನಲ್ಲಿ ಮೀನು ಸಾಕಿ, ತರಕಾರಿ ಬೆಳೆಯುವ ಆ ಜೌಗು 2002ರಲ್ಲಿ ಅಂತಾರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿತು. ಸಣ್ಣ ಟ್ಯಾನರಿಗಳು ತಮ್ಮ ತಮ್ಮ ಅಂಗಳದಲ್ಲಿ ಶುದ್ಧೀಕರಣ ಘಟಕ ಹಾಕುವುದು ಸಾಧ್ಯವಿರಲಿಲ್ಲ. ಒಟ್ಟಿಗೆ ಒಂದೆಡೆ ಒಯ್ಯುವುದೇ ದಾರಿ.

ಆದರೆ ಸ್ಥಳಾಂತರದ ಲೆಕ್ಕ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಾಂತಲಾದಲ್ಲಿ ನಿವೇಶನಕ್ಕೆ ಹಣ ಕಟ್ಟಬೇಕು, ಹೊಸ ಕಟ್ಟಡ, ಹೊಸ ಯಂತ್ರ ಬೇಕು. ಅಲ್ಲಿನ ಸೌಕರ್ಯಗಳು ಸಿದ್ಧವಾಗಲು ಗಡುವಿನ ನಂತರವೂ ವರ್ಷಗಳು ಹಿಡಿದವು. ಅದಕ್ಕಿಂತ ಮುಖ್ಯವಾದದ್ದು, ಕೆಳಗೆ ಕಾರ್ಖಾನೆ ಮೇಲೆ ಮನೆ ಎಂಬ ವ್ಯವಸ್ಥೆ ಬಾಂತಲಾಕ್ಕೆ ಹೋಗುವಂಥದ್ದಾಗಿರಲಿಲ್ಲ. ಮಕ್ಕಳೆಲ್ಲ ಟೊರಾಂಟೊದಲ್ಲಿರುವಾಗ ಅರುವತ್ತು ದಾಟಿದ ದಂಪತಿ ಹೊಸದಾಗಿ ಸಾಲ ಮಾಡಿ ಟ್ಯಾನರಿ ಕಟ್ಟುವುದು ಯಾರಿಗಾಗಿ? ಕೆಲವರು ಹೋದರು. ಅನೇಕರು ಪೀಪಾಯಿಗಳನ್ನು ಮಾರಿ, ಖಾಲಿಯಾದ ಕೆಳಗಿನ ಅಂತಸ್ತಿನಲ್ಲಿ ಮೇಜು ಕುರ್ಚಿ ಹಾಕಿದರು. ಬಿಹಾರದ ಕೆಲಸಗಾರರಿಗೆ ಆ ಆಯ್ಕೆಯೂ ಇರಲಿಲ್ಲ.

ಟ್ಯಾನರಿಯಿಂದ ಹೋಟೆಲಿಗೆ

ಚೀನೀ ಊಟ ಕಲ್ಕತ್ತಕ್ಕೆ 1996ರಲ್ಲಿ ಬಂದದ್ದಲ್ಲ. ಟೂಂಗ್ ಆನ್ ಚರ್ಚಿನ ಕೆಳಗಿದ್ದ ನ್ಯಾನ್‌ಕಿಂಗ್ ರೆಸ್ಟೊರೆಂಟ್ 1920ರ ದಶಕದ್ದು. ಗಣೇಶ್ ಚಂದ್ರ ಅವೆನ್ಯೂದ ಓ ಚ್ಯೂ ಇಂದಿಗೂ ಒಂದೇ ಕುಟುಂಬದ ಕೈಯಲ್ಲಿದೆ. ಟ್ಯಾಂಗ್ರಾದಲ್ಲಿ ಆದದ್ದು ಬೇರೆ ಪ್ರಮಾಣದ ಬದಲಾವಣೆ. ಕಸದ ಗುಡ್ಡೆಯ ಪಕ್ಕದ, ಮೂಗು ಮುಚ್ಚಿ ದಾಟಬೇಕಾಗಿದ್ದ ಓಣಿಗೆ ಸಂಜೆಯಾದರೆ ಕಾರುಗಳಲ್ಲಿ ಸಂಸಾರಗಳು ಬರತೊಡಗಿದವು. ಬೀಜಿಂಗ್, ಕಿಮ್ ಲಿಂಗ್, ಗೋಲ್ಡನ್ ಜಾಯ್, ಬಿಗ್ ಬಾಸ್ ಮುಂತಾದ ಹೆಸರುಗಳು ಊರಿನವರ ಬಾಯಲ್ಲಿ ನೆಲೆಸಿದವು. ಟ್ಯಾಂಗ್ರಾದ ಚೀನೀ ಕಾಳಿ ಮಂದಿರದಲ್ಲಿ ನೂಡಲ್ಸ್ ಪ್ರಸಾದ ಎಂಬುದು ಪ್ರವಾಸಿಗರಿಗೆ ಮೋಜಿನ ಸುದ್ದಿಯಾಯಿತು.

ಈ ಹೋಟೆಲುಗಳಲ್ಲಿ ಬಡಿಸುವುದು ಮೆಯ್‌ಶಿಯನ್ನಿನ ಮನೆಯೂಟವಲ್ಲ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಸೋಯಾ ಸಾಸ್, ದಪ್ಪಗಾಗಿಸಲು ಕಾರ್ನ್‌ಫ್ಲೋರ್. ಬಂಗಾಳಿ ನಾಲಿಗೆಗೆ ಹೊಂದಿಸಿದ ಖಾರ. ಅದಕ್ಕೆ ಬೇಕಾದ ಸಾಸುಗಳೂ ಇಲ್ಲೇ ತಯಾರು. ಸಿಂಗ್ ಚ್ಯೂಂಗ್, ಪೌ ಚಾಂಗ್ ಬಾಟಲಿಗಳು ಕೋಲ್ಕತ್ತದ ಎಷ್ಟೋ ಅಡುಗೆಮನೆಗಳಲ್ಲಿವೆ. ಚರ್ಮದ ಉದ್ಯಮಕ್ಕೆ ಇಲ್ಲದ ಒಂದು ಸೌಲಭ್ಯ ಈ ಕಸುಬಿಗಿದೆ: 'ಚೀನೀ' ಎಂಬುದು ಇಲ್ಲಿ ಮುಚ್ಚಿಡಬೇಕಾದ ಗುರುತಲ್ಲ, ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆಯಬೇಕಾದ ಬಂಡವಾಳ.

ಆದರೆ ಆ ಬಂಡವಾಳವನ್ನು ಯಾರು ಬೇಕಾದರೂ ಬಳಸಬಹುದು. ನಮ್ಮ ಗೋಬಿ ಮಂಚೂರಿಯ ವಂಶಾವಳಿ ಇದಕ್ಕೆ ಸಾಕ್ಷಿ. ಕಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬಯಿಗೆ ಹೋಗಿ, ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಚಲಿತ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು, ಅದು ಬೆಂಗಳೂರಿನ ದರ್ಶಿನಿಗೂ, ಶಿವಮೊಗ್ಗ, ಹುಬ್ಬಳ್ಳಿಯ ತಳ್ಳುಗಾಡಿಗೂ, ಹಳ್ಳಿಯ ಜಾತ್ರೆಗೂ ಇಳಿಯಿತು. ಗಾಡಿಯವರಲ್ಲಿ ಯಾರೂ ಚೀನೀಯರಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಆದ ಚರ್ಚೆಯಲ್ಲಿ ಚೀನಾದ ಸುಳಿವೇ ಇರಲಿಲ್ಲ. ಅದು ಪೂರ್ತಿ ನಮ್ಮ ತಿಂಡಿಯ, ನಮ್ಮ ಮಕ್ಕಳ ಆರೋಗ್ಯದ ಮಾತಾಗಿತ್ತು. ಒಂದು ವಲಸೆ ಕಸುಬು ಇಷ್ಟು ಪೂರ್ತಿಯಾಗಿ ಊರಿನದಾದ ಮೇಲೆ ಅದನ್ನು ತಂದವರಿಗೆ ಅದರಲ್ಲಿ ವಿಶೇಷ ಪಾಲು ಉಳಿಯುವುದಿಲ್ಲ. ಟಿರೆಟ್ಟಾ ಬಜಾರಿನ ಪ್ರಸಿದ್ಧ ಬೆಳಗಿನ ತಿಂಡಿ ಸಂತೆಯಲ್ಲೂ ಹೀಗೇ. ಮೊಮೊ, ಬಾವ್, ಮೀನುಂಡೆ ಸೂಪು ಮಾರುವವರಲ್ಲಿ ಚೀನೀಯರಲ್ಲದವರು ಈಗ ಧಾರಾಳವಾಗಿದ್ದಾರೆ.

ಟೊರಾಂಟೊದಲ್ಲಿ ಕಲ್ಕತ್ತ

ಕೆನಡಾಕ್ಕೆ ಹೋದವರ ಕಸುಬು ನಮ್ಮ ವಾದಕ್ಕೆ ಇನ್ನೊಂದು ಕಡೆಯಿಂದ ಬೆಳಕು ಕೊಡುತ್ತದೆ. ಚೀನಾದ ಎಲ್ಲ ಪ್ರಾಂತ್ಯಗಳ ಊಟ ಸಿಗುವ ಟೊರಾಂಟೊದಲ್ಲಿ ಇವರು ಇನ್ನೊಂದು ಚೀನೀ ಹೋಟೆಲು ತೆರೆದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಇವರು ಮಾರಿದ್ದು ಚಿಲ್ಲಿ ಚಿಕನ್, ಹಕ್ಕಾ ನೂಡಲ್ಸ್, ಮಂಚೂರಿಯನ್. ಗಿರಾಕಿಗಳು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದವರು. ಅಲ್ಲಿ 'ಹಕ್ಕಾ' ಎಂದರೆ ಈಗ ಕಲ್ಕತ್ತ ಶೈಲಿಯ ಚೀನೀ ಊಟ ಎಂದೇ ಅರ್ಥ. ಕಲ್ಕತ್ತದಲ್ಲಿ ಚೀನೀಯರಾಗಿದ್ದುದರಿಂದ ಸಿಕ್ಕ ಜಾಗವೊಂದು, ಟೊರಾಂಟೊದಲ್ಲಿ ಭಾರತೀಯರಾಗಿದ್ದುದರಿಂದ ಸಿಕ್ಕ ಜಾಗ ಇನ್ನೊಂದು. ಜನ ಅವರೇ. ಊರು ಬೇರೆಯಾದ್ದರಿಂದ ಕಸುಬೂ ಬೇರೆಯಾಯಿತು.

ಉಳಿದವರು ಮತ್ತು ಊರಿನ ಪಾಲು

ಇತ್ತ ಕೋಲ್ಕತ್ತದಲ್ಲಿ ಸಮುದಾಯದ ಸಂಸ್ಥೆಗಳು ಒಂದೊಂದಾಗಿ ಸೊರಗಿವೆ. ಟ್ಯಾಂಗ್ರಾದ ಪೇ ಮೇ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಚೀನೀ ಲಿಪಿಯಲ್ಲಿ ಅಚ್ಚಾಗುತ್ತಿದ್ದ ದಿನಪತ್ರಿಕೆ 'ಸಿಯಾಂಗ್ ಪೌ' 2020ರಲ್ಲಿ ನಿಂತಿತು. ಟ್ಯಾಂಗ್ರಾ ಈಗ ನಗರದ ಅಂಚಲ್ಲ. ಪೂರ್ವದ ಬೈಪಾಸ್ ರಸ್ತೆ ಬಂದ ಮೇಲೆ ಅದು ನಗರದ ಒಳಗೇ ಬಿದ್ದಿದೆ. ಹಳೆಯ ಟ್ಯಾನರಿಯ ಅಂಗಳಗಳ ನೆಲದ ಬೆಲೆ ಹೋಟೆಲಿನ ಲಾಭವನ್ನು ಮೀರಿಸುತ್ತಿದ್ದು, ಅಪಾರ್ಟ್‌ಮೆಂಟುಗಳು ಏಳುತ್ತಿವೆ.

ಇದನ್ನೆಲ್ಲ ದುರಂತ ಎಂದೊಪ್ಪಲು ಮನಸ್ಸಾಗುವುದಿಲ್ಲ. ಮಗಳು ಸುಣ್ಣದ ಹೊಂಡದ ಮೇಲಿನ ಮನೆ ಬಿಟ್ಟು ಓದಿ ಲೆಕ್ಕಪರಿಶೋಧಕಿಯಾದರೆ ಅದು ಆ ಕಸುಬಿನ ಗೆಲುವು. ಟ್ಯಾನರಿ ಕಟ್ಟಿದವರು ಬಯಸಿದ್ದೂ ಅದನ್ನೇ. ಕಸುಬೊಂದು ತನ್ನ ಕಾಲ ಮುಗಿಸಿ ನಿಲ್ಲುವುದು ಬೇರೆ, ನಿಲ್ಲಿಸಲ್ಪಡುವುದು ಬೇರೆ. ಹಲ್ಲಿನ ವೈದ್ಯ, ಕೈಹೊಲಿಗೆಯ ಜೋಡು ಹೆಚ್ಚಾಗಿ ಮೊದಲನೆಯ ಸಾಲಿಗೆ ಸೇರುತ್ತವೆ. 1962 ಎರಡನೆಯದು, ಅದಕ್ಕೆ ಸಮರ್ಥನೆಯಿಲ್ಲ. 1996 ಎರಡರ ನಡುವಿನದು: ಉದ್ದೇಶ ನ್ಯಾಯವಾದದ್ದು, ಆದರೆ ಸಣ್ಣ ಮಾಲೀಕರನ್ನೂ ದಿನಗೂಲಿಯವರನ್ನೂ ಜೊತೆಗೆ ಕೊಂಡೊಯ್ಯುವ ಸಿದ್ಧತೆ ಸಾಲದ್ದು. ಹಳಹಳಿಕೆಯ ಬರಹಗಳು ಈ ಮೂರನ್ನೂ ಒಂದೇ ನಿಟ್ಟುಸಿರಿನಲ್ಲಿ ಹೇಳಿಬಿಡುತ್ತವೆ.

ಹೀಗೆ ಬೇರ್ಪಡಿಸಿ ನೋಡಿದರೆ ಈಗ ಮಾಡಬೇಕಾದ್ದೂ ಸ್ಪಷ್ಟವಾಗುತ್ತದೆ. ಹಳೆಯ ಚೀನೀ ಪೇಟೆಯನ್ನು ಬಣ್ಣ ಬಳಿದು ಪ್ರವಾಸಿ ತಾಣ ಮಾಡುವ ಯೋಜನೆಗಳು ಆಗಾಗ ಕೇಳಿಬರುತ್ತವೆ. ಕೆಂಪು ಲಾಟೀನು ತೂಗುಹಾಕುವುದಕ್ಕೆ ಮೊದಲು ಸಣ್ಣ ಅಂಗಡಿಗಳ ಬಾಡಿಗೆ ಹಕ್ಕು ಭದ್ರವಾಗಬೇಕು, ದೇವಳಿಗೆ ಸಾಗಿಸಲ್ಪಟ್ಟವರಿಗೆ ಸರ್ಕಾರ ತಪ್ಪೊಪ್ಪಿಗೆಯ ಒಂದು ಮಾತಾದರೂ ಹೇಳಬೇಕು. ಹೊರಗಿನಿಂದ ಬಂದವರು ಎಂಥ ಕಸುಬು ಹಿಡಿಯುತ್ತಾರೆ ಎಂಬುದನ್ನು ಅವರ ಶ್ರದ್ಧೆ ತಕ್ಕಮಟ್ಟಿಗೆ ತೀರ್ಮಾನಿಸುತ್ತದೆ. ಅವರು ಎಷ್ಟು ಕಾಲ ಉಳಿಯುತ್ತಾರೆ, ದುಡಿದ ಹಣವನ್ನು ಎಲ್ಲಿ ಹೂಡುತ್ತಾರೆ ಎಂಬುದನ್ನು ತೀರ್ಮಾನಿಸುವುದು ಊರಿನ ಕಾನೂನು, ಊರಿನ ನಂಬಿಕೆ. ಕಲ್ಕತ್ತ ತನ್ನ ಚೀನೀಯರಿಗೆ ದುಡಿಯಲು ಜಾಗ ಕೊಟ್ಟಿತು, ನೆಲೆ ನಿಲ್ಲುವ ಭರವಸೆಯನ್ನು ತಡಮಾಡಿ ಕೊಟ್ಟಿತು. ಆ ತಡದ ಲಾಭ ಟೊರಾಂಟೊಗೆ ಹೋಯಿತು. ಈಶಾನ್ಯದವರು, ನೇಪಾಳಿಗಳು, ಬಿಹಾರ, ಒಡಿಶಾದವರು ದುಡಿಯುತ್ತಿರುವ ಬೆಂಗಳೂರಿನಂಥ ನಗರಗಳು ಕಲಿಯಬೇಕಾದ ಪಾಠ ಇದೇ.